ಹೂವು ರುಕ್ಮಿಣಿಗೆ, ಸಿಟ್ಟು ಭಾಮೆಗೆ

ಬಹುಮಾನ ತಪ್ಪಿದವರ ಸಂಕಟದ ಬಗ್ಗೆ ಮಾತಾಡಲು ಶ್ರೀಕೃಷ್ಣ ಪಾರಿಜಾತ ಬಯಲಾಟದ ಹೂವಿಗಿಂತ ಅನುಭವಸ್ಥರು ಸಿಗಲಿಕ್ಕಿಲ್ಲ. ನಾರದ ತಂದದ್ದು ಒಂದೇ ಹೂವು. ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ. ಸತ್ಯಭಾಮೆ ಸಿಟ್ಟಾದಳು. ಆ ಸಿಟ್ಟೊಂದರಿಂದಲೇ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನಕ್ಕೆ ಬೆಳಕು ಹರಿಯುವವರೆಗೆ ಸಾಲುವಷ್ಟು ಹಾಡು ಹುಟ್ಟಿತು. ಈ ಆಟವನ್ನು ಹಬ್ಬಿಸಿದ ಕುಲಗೋಡ ತಮ್ಮಣ್ಣನ ಕಾಲದಿಂದ ಅದರ ನಡುವೆ ಕುಳಿತು, ಹಾಡುಗಾರ್ತಿ ಕೌಜಲಗಿ ನಿಂಗಮ್ಮನಂಥವರ ದನಿ ಕೇಳಿ ಪಳಗಿದ ಹೂವು ಇದು. ಸಂದರ್ಶನಕ್ಕೆ ಒಪ್ಪಿಕೊಂಡಿತು. ಮಾತಾಡಿದ್ದು ಮಾತ್ರ ತನ್ನ ಊರಿನ ಭಾಷೆಯಲ್ಲೇ.

ಪ್ರಶ್ನೆ: ಯುರೋಪಿನಲ್ಲಿ 1956ರಿಂದ ಯೂರೋವಿಷನ್ ಎಂಬ ದೇಶದೇಶಗಳ ಹಾಡಿನ ಸ್ಪರ್ಧೆ ನಡೆಯುತ್ತಿದೆ. ಪೋರ್ಚುಗಲ್ 1964ರಲ್ಲಿ ಸೊನ್ನೆ ಅಂಕದಿಂದ ಶುರುಮಾಡಿ, ಗೆಲ್ಲಲು 2017ರವರೆಗೆ ಕಾಯಬೇಕಾಯಿತು. ನಮ್ಮ ಕಥೆಯೂ ಹೆಚ್ಚುಕಡಿಮೆ ಅದೇ. ಗಾಯಕಿಯರಿಗೆ ರಾಷ್ಟ್ರ ಚಲನಚಿತ್ರ ಪ್ರಶಸ್ತಿ ಕೊಡುವುದು 1968ರ ಚಿತ್ರಗಳಿಂದ ಶುರುವಾಯಿತು. ಕನ್ನಡದ ಹಾಡಿಗೆ ಅದು ದಕ್ಕಿದ್ದು 2018ರ ‘ನಾತಿಚರಾಮಿ’ಗೆ, ಬಿಂದುಮಾಲಿನಿಯವರ ಮೂಲಕ. ಅರ್ಧ ಶತಮಾನ! ನಮ್ಮ ಹಾಡುಗಾರಿಕೆಯಲ್ಲೇ ಐಬಿತ್ತೇ?

ಪಾರಿಜಾತ: ಹಾಡುಗಾರಿಕಿ ಮ್ಯಾಲ ಯಾಕ ಹಾಕ್ತೀರಿ? ಎಸ್. ಜಾನಕಿ ಕನ್ನಡದಾಗ ಹಾಡಿದ್ದು ಕಡಿಮಿ ಏನು? ಅವರಿಗೆ ಈ ಪ್ರಶಸ್ತಿ ನಾಕು ಸಲ ಬಂತು. ತಮಿಳಿಗೆ ಎರಡು, ಮಲಯಾಳಕ್ಕ ಒಂದು, ತೆಲುಗಿಗೆ ಒಂದು. ಪಿ. ಸುಶೀಲಾ ಅವರಿಗೆ ಐದು, ಚಿತ್ರಾ ಅವರಿಗೆ ಆರು, ವಾಣಿ ಜಯರಾಂ ಅವರಿಗೆ ಮೂರು. ಎಲ್ಲಾ ಕೂಡಿಸಿದ್ರ ಹದಿನೆಂಟು. ಆ ಹದಿನೆಂಟರಾಗ ಕನ್ನಡದ ಹಾಡಿಗೆ ಬಂದದ್ದು ಒಂದೂ ಇಲ್ಲ. ನಾಕೂ ಮಂದಿ ಕನ್ನಡದಾಗ ಧಂಡಿ ಹಾಡ್ಯಾರ, ನಿಮ್ಮ ಮನಿ ರೇಡಿಯೋದಾಗ ಇವತ್ತಿಗೂ ಹಾಡ್ತಾರ. ಅದ ದನಿ, ಅದ ಉಸಿರು. ತಮಿಳು ಹಾಡೂಮುಂದ ಛಲೋ ಇದ್ದ ಕಂಠ ಕನ್ನಡಕ್ಕ ಬಂದಕೂಡಲೆ ಕೆಡ್ತದೇನು? ಹಂಗಾರ ಐಬು ಕಂಠದಾಗ ಇಲ್ಲ, ಬ್ಯಾರೆ ಎಲ್ಲೋ ಐತಿ.

ಪ್ರಶ್ನೆ: ಬೇರೆಲ್ಲಿ ಅಂದರೆ ದಿಲ್ಲಿಯಲ್ಲಿ, ಅಲ್ಲವೇ? ತೀರ್ಪುಗಾರರಿಗೆ ದಕ್ಷಿಣ ಕಂಡರೆ ಆಗುವುದಿಲ್ಲ ಎಂದು ನಮ್ಮವರು ಹೇಳುತ್ತಲೇ ಬಂದಿದ್ದಾರೆ.

ಪಾರಿಜಾತ: ಭಾಮಾ ಸುದ್ದಾ ಹಿಂಗ ಅಂದಿದ್ಲು, ಕೃಷ್ಣ ಪಕ್ಷಪಾತಿ ಅಂತ. ಸಿಟ್ಟಿನಾಗ ಈ ಮಾತು ಬಾಯಿಗೆ ರುಚಿ ಹತ್ತತೈತಿ. ಆದ್ರ ಲೆಕ್ಕ ನೋಡ್ರಿ. ಈಗ ಹೇಳಿದ ಹದಿನೆಂಟರಾಗ ಹದಿನೇಳು ದಕ್ಷಿಣದ ಭಾಷಾಗಳಿಗೇ ಬಂದಾವ. ಹಿಂದಿಗೆ ಬಂದದ್ದು ಒಂದ, ಚಿತ್ರಾ ಹಾಡಿದ ‘ವಿರಾಸತ್’. ದಕ್ಷಿಣ ಆಗದವರು ಹದಿನೇಳು ಸಲ ದಕ್ಷಿಣಕ್ಕ ಕೊಡ್ತಾರೇನು? ಕೊಟ್ಟ ಹಾಡು ಎಂಥಾವು ಅನ್ನೂದನ್ನ ನೋಡ್ರಿ. ‘ಶಂಕರಾಭರಣಂ’, ‘ಸ್ವಾತಿ ಕಿರಣಂ’, ‘ಸಿಂಧು ಭೈರವಿ’. ಮೂರೂ ಸಂಗೀತಗಾರರ ಕಥಿ. ಹಾಡು ತಗದ್ರ ಸಿನಿಮಾನ ಇಲ್ಲ. ಕನ್ನಡಕ್ಕ ಗಂಡಸರ ವಿಭಾಗದಾಗ ಬಂದಾವಲ್ಲ, ಅವನ್ನೂ ನೋಡ್ರಿ. 1992ರಾಗ ‘ಜೀವನ ಚೈತ್ರ’ಕ್ಕ ರಾಜಕುಮಾರ್, ಅದೊಂದು ರಾಗದ ಹಾಡು. 1995ರಾಗ ‘ಗಾನಯೋಗಿ ಪಂಚಾಕ್ಷರ ಗವಾಯಿ’ಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಅದು ಗವಾಯಿಗಳದ ಕಥಿ. ಅದರಾಗ ಬಹುಮಾನ ಬಂದ ಹಾಡಿನ ಸಾಹಿತ್ಯ ಕನ್ನಡದ್ದಲ್ಲ, ಹಿಂದುಸ್ತಾನಿ ಬಂದಿಶ್‌ದ್ದು. ಈ ತಮಾಷಿ ನಮ್ಮೂರಾಗ ಹೇಳಿದ್ರ ಮಂದಿ ನಗ್ತಾರ. ಇವಕ್ಕೂ ಮೊದಲು 1978ರಾಗ ‘ಕಾಡು ಕುದುರೆ’ಗೆ ಶಿವಮೊಗ್ಗ ಸುಬ್ಬಣ್ಣ. ಆ ಚಿತ್ರದ ನಿರ್ದೇಶಕರು, ಹಾಡು ಬರದವರು ಚಂದ್ರಶೇಖರ ಕಂಬಾರ, ನಮ್ಮ ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಬಯಲಾಟ ನೋಡಕೋತ ಬೆಳದವರು. ಹಾಡು ಆಟದಾಗ ಎಲ್ಲಿ ಕುಂದರಬೇಕು ಅನ್ನೂದು ಅವರಿಗೆ ಪ್ಯಾಟಿಯಾಗ ಕಲಿಸಬೇಕಾಗಿರಲಿಲ್ಲ.

ನನ್ನ ಮಾತು ಇಷ್ಟ. ತೀರ್ಪು ಕೊಡಾಂವ ಕತ್ತಲಾಗ ಕುಂತು ಪೂರಾ ಸಿನಿಮಾ ನೋಡ್ತಾನ. ಹಾಡು ಬಂದಾಗ ಕಥಿ ನಿಂತು ಕಾಯ್ತಿದ್ರ ಅಂವಗ ಅದು ಆಕಳಿಕಿ ಹೊತ್ತು. ನಿಮ್ಮ ಭಾಳಷ್ಟು ಛಲೋ ಹಾಡು ಕಥಿ ಬಿಟ್ಟು ಕ್ಯಾಸೆಟ್ಟಿನಾಗ, ರೇಡಿಯೋದಾಗ ಬದುಕಿದಾವ. ಅದು ಸಣ್ಣ ಮಾತಲ್ಲ. ಆದ್ರ ಆ ಜೀವಾ ತೀರ್ಪಿನ ಕೋಣ್ಯಾಗ ಲೆಕ್ಕಕ್ಕ ಬರೂದಿಲ್ಲ.

ಪ್ರಶ್ನೆ: ನಿರ್ದೇಶಕ ಪುಟ್ಟಣ್ಣ ಕಣಗಾಲರ ಚಿತ್ರಗಳಲ್ಲಿ ಹಾಡು ಕಥೆಯ ಒಳಗೇ ಇತ್ತಲ್ಲ? ಅವುಗಳ ಗಾಯಕಿಯರಿಗೇಕೆ ಬರಲಿಲ್ಲ?

ಪಾರಿಜಾತ: ಬರಬೇಕಾಗಿತ್ತು. ಅಲ್ಲಿ ನ್ಯಾಯ ತಪ್ಪೇತಿ, ನಾ ಮುಚ್ಚಿಡೂದಿಲ್ಲ. ‘ಮಿನ್‌ಸಾರ ಕನವು’, ‘ಆಟೋಗ್ರಾಫ್’ನಂಥ ಚಿತ್ರದ ಹಾಡಿಗೂ ಚಿತ್ರಾ ಅವರಿಗೆ ಬಂದಾವ, ಅವು ಸಂಗೀತಗಾರರ ಕಥಿ ಅಲ್ಲ. ನಾ ಹೇಳೂದು ಹೆಚ್ಚಿನ ಪಾಲಿನ ಮಾತು, ಎಲ್ಲಾದಕ್ಕೂ ಅಲ್ಲ. ಆದ್ರ ಐವತ್ತು ವರ್ಷದ ಸೊನ್ನಿಯನ್ನ ಪಕ್ಷಪಾತ ಅನ್ನೂದೊಂದ ಮಾತಿಂದ ತುಂಬಿಸಲಿಕ್ಕೆ ಆಗೂದಿಲ್ಲ.

ಪ್ರಶ್ನೆ: ಹಾಗಾದರೆ ತೀರ್ಪುಗಾರರ ರುಚಿ ನೋಡಿ ಹಾಡು ಮಾಡಬೇಕೇ?

ಪಾರಿಜಾತ: ಅದನ್ನ ಯುರೋಪಿನವರು ಮಾಡಿ ನೋಡ್ಯಾರ. ಯಾವ ಭಾಷಾದಾಗರ ಹಾಡ್ರಿ ಅಂತ 1999ರಾಗ ನಿಯಮ ಸಡ್ಲ ಮಾಡಿದ್ರು. ಭಾಳ ದೇಶ ಇಂಗ್ಲಿಷಿಗೆ ಜಿಗದ್ವು. ಇಂಗ್ಲಿಷ್ ಹುಟ್ಟಿದ ಬ್ರಿಟನ್ನೇ 2003ರಾಗ ಒಮ್ಮೆ, 2021ರಾಗ ಒಮ್ಮೆ ಸೊನ್ನಿ ತಗೊಂಡು ಮನಿಗೆ ಹೋತು. 2017ರಾಗ ಪೋರ್ಚುಗಲ್ಲಿನ ಸಾಲ್ವಡಾರ್ ಸೊಬ್ರಾಲ್ ತನ್ನ ಭಾಷಾದಾಗ, ಸಾದಾ ನಿಂತು, ಕುಣಿತ ಇಲ್ಲ ಬೆಂಕಿ ಇಲ್ಲ, ಹಾಡಿ 758 ಅಂಕ ತಗೊಂಡ. ಅಷ್ಟು ಅಂಕ ಅಲ್ಲಿ ಯಾರೂ ತಗೊಂಡಿರಲಿಲ್ಲ. ಇನ್ನೊಬ್ಬ ನಾರ್ವೆಯ ಯಾನ್ ಟೈಗನ್. 1978ರಾಗ ಸೊನ್ನಿ ತಗೊಂಡು ಊರಿಗೆ ಹೋದ, ಆ ಹಾಡು ಅವನ ದೇಶದಾಗ ಭರ್ಜರಿ ಓಡ್ತು. ಸೊನ್ನಿ ಕೊಟ್ಟವರಿಗೂ ಹಾಡು ಹಾಡವರಿಗೂ ಸಂಬಂಧ ಇಷ್ಟ.

ಇಲ್ಲೂ ಹಂಗ. 2020ರ ಪ್ರಶಸ್ತಿ ಯಾರಿಗೆ ಬಂತು? ಕೇರಳದ ಅಟ್ಟಪಾಡಿಯ ನಂಜಿಯಮ್ಮಗ. ಇರುಳ ಸಮುದಾಯದ ಹೆಣ್ಣುಮಗಳು, ‘ಅಯ್ಯಪ್ಪನುಂ ಕೋಶಿಯುಂ’ ಚಿತ್ರಕ್ಕ ತನ್ನ ಮಂದಿಯ ಭಾಷಾದಾಗ ಹಾಡಿದಾಕಿ. ಶ್ರುತಿಗೆ ಸರಿಯಾಗಿ ಹಾಡಾಕ ಬರ್ತದೇನು ಅಂತ ತಕರಾರು ತಗದವರೂ ಇದ್ರು. ಸಿನಿಮಾದವರು ಆಕೀ ಹಾಡನ್ನ ಎರವಲು ತಂದು ಬ್ಯಾರೆ ದನಿಯಿಂದ ಹಾಡಿಸಲಿಲ್ಲ, ಆಕೀನ್ನ ಹಾಡಿಸಿದ್ರು. ತೀರ್ಪಿನವರು ಅದನ್ನ ಕೇಳಿದ್ರು.

ಪ್ರಶ್ನೆ: ನಮ್ಮ ಚಿತ್ರರಂಗಕ್ಕೆ ಏನು ಹೇಳುತ್ತೀರಿ?

ಪಾರಿಜಾತ: ಗೋಕಾಕ, ಮೂಡಲಗಿ ಕಡೆ ಪಾರಿಜಾತ ಹೇಳೂ ಮ್ಯಾಳ ಇನ್ನೂ ಅದಾವ. ಭಾಗವತ ಅದಾನ, ದಪ್ಪು ಐತಿ, ಪೇಟಿ ಐತಿ. ಆಟ ಇರೂ ರಾತ್ರಿ ಬರ್ರಿ, ಕೊರವಂಜಿ ಬರೂತನಕ ಎದ್ದು ಹೋಗಬ್ಯಾಡ್ರಿ. ಧಾಟಿ ಮೊಬೈಲಿನಾಗ ಹಿಡಕೊಂಡು ಬೆಂಗಳೂರಿಗೆ ಓಡಬ್ಯಾಡ್ರಿ. ಹಾಡಿದಾಕೀನ್ನೂ ಕರಕೊಂಡು ಹೋಗ್ರಿ, ಕಥಿಯಾಗ ಜಾಗಾ ಕೊಡ್ರಿ, ತೆರಿ ಮ್ಯಾಲ ಹೆಸರು ಹಾಕ್ರಿ, ಆಮ್ಯಾಲ ಪಗಾರ ಬಾಕಿ ಇಡಬ್ಯಾಡ್ರಿ.