ಬಾತುಗಳಿಗೆ ಬಿಟ್ಟಿ ಊಟ

ನಮ್ಮ ಕಡೆ ಇರುವುದು ಎರಡೇ ಕಾಲ: ರೇಟು ಇರುವ ಕಾಲ, ರೇಟು ಬಿದ್ದ ಕಾಲ. ರೇಟು ಇದ್ದಾಗ ಟೊಮ್ಯಾಟೊ ತೋಟಕ್ಕೆ ರಾತ್ರಿಯೆಲ್ಲ ಕಾವಲು. ಬಿದ್ದಾಗ ಅದೇ ಟೊಮ್ಯಾಟೊ ಕ್ರೇಟುಗಟ್ಟಲೆ ರಸ್ತೆ ಬದಿಗೆ. ಚಿಂತಾಮಣಿ ಮಂಡಿಗೆ ಸಾಗಿಸಿದ ಬಾಡಿಗೆಯೂ ಗಿಟ್ಟುವುದಿಲ್ಲ ಎಂದಾದಾಗ ದಾನಬುದ್ಧಿ ತಾನಾಗಿಯೇ ಹುಟ್ಟುತ್ತದೆ. ಮೊದಲು ಹಸುವಿಗೆ, ಆಮೇಲೆ ನೆಂಟರಿಗೆ, ಇಬ್ಬರೂ ಮುಖ ತಿರುಗಿಸಿದ ಮೇಲೆ ಕೆರೆಯ ಬಾತುಗಳಿಗೆ.

ಬಾತುಗಳಾದರೂ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು 2021ರ ನವೆಂಬರಿನ ಮಳೆಯ ನಂತರ. ಮರಳಿನ ಹೆಸರಲ್ಲೇ ನಮಗೆ ಪರಿಚಯವಿದ್ದ ಉತ್ತರ ಪಿನಾಕಿನಿ ಅಂದು ನೀರಾಗಿ ಹರಿದಳು. ಮಂಚೇನಹಳ್ಳಿ ಸುತ್ತ ಕೆರೆಗಳು ಕೋಡಿ ಬಿದ್ದವು. ನೀರಿನ ಹಿಂದೆಯೇ ಹಕ್ಕಿ ಬಂದವು. ಹಣೆಗೆ ಬಿಳಿ ನಾಮ ಇಟ್ಟುಕೊಂಡ ನಾಮದ ಕೋಳಿ ಬಾತಿನ ಜಾತಿಯೇ ಅಲ್ಲ. ಆದರೆ ನಮ್ಮೂರಲ್ಲಿ ತೇಲುವುದೆಲ್ಲ ಬಾತುಕೋಳಿ. ನಿಜವಾದ ಬಾತು ಅಂದರೆ ವರಟೆ: ಮೈಯೆಲ್ಲ ಚುಕ್ಕೆ, ಕರಿಕೊಕ್ಕಿನ ತುದಿ ಮಾತ್ರ ಅರಿಸಿನದಲ್ಲಿ ಅದ್ದಿದಂತೆ ಹಳದಿ.

ಪಕ್ಕದ ತೋಟದ ಅಣ್ಣನಿಗೆ ಇವನ್ನು ಕಂಡು ಒಂದು ಯೋಚನೆ ಬಂತು. “ದಿನಾ ಏನಾದ್ರೂ ಹಾಕ್ತಾ ಇದ್ರೆ ಇಲ್ಲೇ ನಿಲ್ತಾವೆ ಕಣಪ್ಪಾ. ಆದಿಯೋಗಿ ನೋಡೋಕ್ ಬರೋ ಬೆಂಗಳೂರಿನವರು ಹಂಗೇ ಇತ್ಲಾಗೂ ಬರ್ತಾರೆ” ಅಂದ. ಮಾರಾಟವಾಗದ ಬೆಂಗಳೂರು ಬ್ಲೂ ದ್ರಾಕ್ಷಿ ಬುಟ್ಟಿಯಲ್ಲಿ ಕೆರೆ ಏರಿಗೆ ಬಂತು. ಅದರ ಹಿಂದೆ ಕಲ್ಯಾಣ ಮಂಟಪದ ಚಿತ್ರಾನ್ನ, ಅರ್ಧ ಕಚ್ಚಿದ ಹೋಳಿಗೆ.

ಕಾಗೆ ಬಂದವು, ಗೊರವಂಕ ಬಂದವು, ಪಕ್ಕದೂರಿನ ನಾಯಿಗಳೂ ಬಂದವು. ಬಾತುಗಳು ಆಚೆ ದಡಕ್ಕೆ ಹೋದವು. ಒಂದೇ ಒಂದು ವರಟೆ ಧೈರ್ಯ ಮಾಡಿ ತೇಲುವ ದ್ರಾಕ್ಷಿಯೊಂದನ್ನು ಕೊಕ್ಕಿನಲ್ಲಿ ಹಿಡಿದು, ಹೊರಳಿಸಿ, ಬಿಟ್ಟಿತು. ಮರುಕ್ಷಣ ತಲೆ ನೀರೊಳಗೆ, ಬಾಲ ಆಕಾಶಕ್ಕೆ. ಕೆಸರು ಕೆದಕಿ ತನ್ನ ಪಾಡಿಗೆ ಊಟ ಮುಂದುವರಿಸಿತು. ಬೆಂಗಳೂರು ಬ್ಲೂಗೆ 2013ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ ಎನ್ನುವುದು ಅದಕ್ಕೆ ಗೊತ್ತಿರಲಿಲ್ಲ. ಅದಕ್ಕೆ ಬೇಕಾದ್ದು ಜೊಂಡಿನ ಬೀಜ, ನೀರುಸಸ್ಯ, ಬಸವನಹುಳು. ಕತ್ತಲಾದ ಮೇಲೆ ಗದ್ದೆಯಲ್ಲಿ ಉದುರಿದ ಭತ್ತ. ನಾವು ಬಡಿಸುವ ಹೊತ್ತು ಹೆಚ್ಚಾಗಿ ಅದು ವಿಶ್ರಾಂತಿ ಪಡೆಯುವ ಹೊತ್ತು.

ಬಾತಿಗೆ ತಿನ್ನಿಸುವ ಚಪಲ ಬರೀ ನಮ್ಮದಲ್ಲ. ಪರದೇಶದ ಪಾರ್ಕುಗಳಲ್ಲಿ ಬ್ರೆಡ್ಡು ಎಸೆಯುವುದು ದೊಡ್ಡ ಪುಣ್ಯಕಾರ್ಯ. ಮಿಕ್ಕದ್ದು ಕೊಳೆತು ನೀರು ಪಾಚಿಗಟ್ಟುತ್ತದೆ. ಬೆಳೆಯುವ ಮರಿಗಳಿಗೆ ಬರೀ ಬ್ರೆಡ್ಡೇ ಆದರೆ ರೆಕ್ಕೆ ಸೊಟ್ಟಗಾಗುತ್ತದೆಂಬ ಅನುಮಾನವೂ ಉಂಟು. ಬೇಟೆಗಾರರ ದಾನ ಇನ್ನೂ ಉದಾರ: ಕಾಳು ಚೆಲ್ಲಿ, ಬಂದವನ್ನು ಹೊಡೆಯುವುದು. ಅಮೆರಿಕದಲ್ಲಿ ಇದನ್ನು 1935ರಲ್ಲೇ ನಿಷೇಧಿಸಿದರು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ವ್ಯಾಖ್ಯಾನದಲ್ಲೇ ಆಮಿಷ ಒಡ್ಡುವುದನ್ನೂ ಸೇರಿಸಿದೆ. ಇದನ್ನು ಅಣ್ಣನಿಗೆ ಹೇಳಿದೆ. “ಚಿತ್ರಾನ್ನ ಹಾಕಿದ್ರೂ ಕೇಸಾ?” ಎಂದು ನಗಾಡಿದ, ಮಾರನೇ ದಿನ ಮಾತ್ರ ಬುಟ್ಟಿ ಬರಲಿಲ್ಲ.

ಗದಗಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಯಾರೂ ಕರೆಯುವುದಿಲ್ಲ, ಎಲೆ ಹಾಕುವುದಿಲ್ಲ. ಸುತ್ತಲ ಹೊಲಗಳಲ್ಲಿ ತಾವೇ ಮೇಯ್ದು, ಕೆರೆಯಲ್ಲಿ ತಂಗುತ್ತವೆ. ಇಲ್ಲಿಯೂ ನೀರು ನಿಂತು, ದಡದಲ್ಲಿ ಜೊಂಡು ಉಳಿದರೆ ಸಾಕು; ಪಾರ್ಟಿ ಬೇಡ. ಆದರೆ ಜೊಂಡು ಉಳಿಸಿದವನ ಫೋಟೊ ಪೇಪರಿನಲ್ಲಿ ಬರುವುದಿಲ್ಲ, ಅದೇ ತೊಡಕು.

2023ರ ಬೇಸಿಗೆಯಲ್ಲಿ ರೇಟು ಬಿದ್ದು, ಅಣ್ಣ ಮತ್ತೆ ಎರಡು ಕ್ರೇಟು ಟೊಮ್ಯಾಟೊ ಏರಿಯ ಕೆಳಗೆ ಸುರಿದ. ಈ ಸಲ ಬಾತಿನ ಹೆಸರು ಎತ್ತಲಿಲ್ಲ. ನೀರು ಹಿಂದೆ ಸರಿದ ಹಸಿ ಮಣ್ಣಿನಲ್ಲಿ ಸಸಿ ಎದ್ದು, ಗಿಡವಾಗಿ, ಆಗಸ್ಟ್ ಹೊತ್ತಿಗೆ ಕಾಯಿ ಬಿಟ್ಟವು. ಅಷ್ಟರಲ್ಲಿ ಕೆಜಿಗೆ ನೂರು ದಾಟಿತ್ತು. ಊರ ಹೆಂಗಸರು ಸೆರಗು ತುಂಬ ಕಿತ್ತುಕೊಂಡು ಹೋದರು. ಅಣ್ಣ ತನ್ನ ಟೊಮ್ಯಾಟೊ ಎಂದು ಜಗಳಕ್ಕೆ ನಿಂತ.