ಅಂದಾಜಿನ ಕರೆಂಟು

ಯಲಬುರ್ಗಾದ ಚಹಾದಂಗಡಿ. ಹೊರಗೆ ಎರಿಹೊಲದ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಒಳಗಿನ ಫ್ಯಾನು ನಿಂತಿತ್ತು.

ಸಾಹೇಬ್ರು: ಕಾಕಾ, ಇನ್ನ ಮ್ಯಾಲೆ ವಿದ್ಯುತ್ ನೀತಿ ಎಲ್ಲಾ ಸಂಶೋಧನೆ, ಪುರಾವೆ ಮ್ಯಾಲೇನ ನಡೀತೈತಿ.

ಕಾಕಾ: ಛಲೋ ಆತ್ರಿ. ನಮ್ಮ ಪಂಪ್‌ಸೆಟ್ಟು ವರ್ಷಕ್ಕ ಎಷ್ಟ ಯೂನಿಟ್ ಕುಡೀತೈತಿ?

ಸಾಹೇಬ್ರು: ಅದು... ಅಂದಾಜು. 10 ಎಚ್‌ಪಿ ತನಕ ಫ್ರೀ ಅಲ್ಲೇನು? ದಾನ ಕೊಟ್ಟದ್ದನ್ನ ಅಳದ್ರ ಪುಣ್ಯ ಕಮ್ಮಿ ಆಗ್ತೈತಿ.

ಕಾಕಾ: ಮೀಟರ್ ಇಲ್ದ ಕರೆಂಟ್ ಕೊಡಬಾರ್ದು ಅಂತ 2003ರ ವಿದ್ಯುತ್ ಕಾಯ್ದೆದಾಗ ಐತಂತಲ್ರಿ. ಎರಡ ವರ್ಷದ ಗಡುವಂತ.

ಸಾಹೇಬ್ರು: ಆ ಎರಡ ವರ್ಷ ಇನ್ನೂ ಎಣಸಾಕತ್ತೀವಿ.

ಕಾಕಾ: ಹಂಗಾರ ಲೆಕ್ಕ ಹೆಂಗ?

ಸಾಹೇಬ್ರು: ಕೆಲವು ಫೀಡರ್ ಮೀಟರ್ ನೋಡಿ, ಪಂಪ್‌ಸೆಟ್ಟಿನ ಸಂಖ್ಯಾಕ್ಕ ಹಂಚೋದು.

ಕಾಕಾ: ತಂತ್ಯಾಗ ಸೋರಿದ್ದು, ಕೊಂಡಿ ಹಾಕಿ ಕದ್ದದ್ದು?

ಸಾಹೇಬ್ರು: ರೈತ ದೊಡ್ಡ ಮನಸ್ಸಿನಾಂವ. ಎಲ್ಲಾ ಹೊತ್ಕೊಂತಾನ.

ಕಾಕಾ: ನನ್ನ ಬೋರು ಬತ್ತಿ ವರ್ಷಾತ್ರಿ!

ಸಾಹೇಬ್ರು: ಲೆಕ್ಕದಾಗ ಇನ್ನೂ ನೀರೈತಿ.

(ಗಂಗಾವತಿಯ ಭತ್ತಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ. ಯಲಬುರ್ಗಾ, ಕುಷ್ಟಗಿಯ ಒಣಭೂಮಿಗೆ ಬೋರೇ ದೇವರು. ದೇವರಿಗೆ ಮೀಟರ್ ಹಚ್ಚುವವರಾರು?)

ಸಾಹೇಬ್ರು: ಅಷ್ಟ ಖರೇ ಲೆಕ್ಕ ಬೇಕಾದ್ರ ನಾಳೆ ನಿಮ್ಮ ಬೋರಿಗೇ ಮೀಟರ್ ಹಚ್ಚಲೇನು?

ಕಾಕಾ: ಅಯ್ಯ ಶಿವನ! ಇವತ್ತ ಮೀಟರ್, ನಾಳಿ ಬಿಲ್ಲು. ಅಂದಾಜೇ ಇರ್ಲಿ ಬಿಡ್ರಿ.

ಇಬ್ಬರೂ ನಕ್ಕು ಎದ್ದರು. ಎಷ್ಟು ಕಪ್ಪು ಕುಡಿದೆವೆಂದು ಯಾರಿಗೂ ನೆನಪಿಲ್ಲ. ಸಾಹೇಬರು ಅಂದಾಜಿನ ಮೇಲೆ ರೊಕ್ಕ ಇಟ್ಟರು.

ಅಂಗಡಿಯವ ಖಾಲಿ ಕಪ್ಪು ಎಣಿಸತೊಡಗಿದ.