ರೆಸಾರ್ಟಿನಲ್ಲಿರುವ ಎಂ.ಡಿ. ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಎಂ.ಡಿ. ಸಾಹೇಬರೇ,

ಕಂಪನಿಯ ಮುಂದಿನ ಐದು ವರ್ಷಗಳ ಕಾರ್ಯತಂತ್ರ ರೂಪಿಸಲು ತಾವು ಹನ್ನೊಂದು ಮಂದಿ ಹಿರಿಯ ಅಧಿಕಾರಿಗಳೊಡನೆ ಸಕಲೇಶಪುರದ ರೆಸಾರ್ಟಿಗೆ ಹೋಗಿರುವುದು ತಿಳಿದು ಲೆಕ್ಕಪತ್ರ ವಿಭಾಗದ ನಾವೆಲ್ಲ ಹರ್ಷಿಸಿದೆವು. ಮಳೆಗಾಲ, ದಟ್ಟ ಮಂಜು, ಹತ್ತಡಿ ಮುಂದಿನ ರಸ್ತೆಯೂ ಕಾಣದ ಘಟ್ಟ. ಭವಿಷ್ಯ ನೋಡಲು ಇದಕ್ಕಿಂತ ಪ್ರಶಸ್ತ ಜಾಗ ಸಿಗಲಾರದು.

ಹೊರಡುವ ಮುನ್ನ ತಾವು ಕಳಿಸಿದ ಮೇಲ್‌ನಲ್ಲಿ ‘ಅನಿಶ್ಚಿತತೆ’ ಒಂಬತ್ತು ಸಲ ಬಂದಿದೆ. ಎಣಿಸುವುದು ನಮ್ಮ ಕಸುಬು, ಕ್ಷಮಿಸಬೇಕು. ಡೀಸೆಲ್ ದರ ಅನಿಶ್ಚಿತ, ಡಾಲರ್ ಅನಿಶ್ಚಿತ, ಗಿರಾಕಿಯ ಮನಸ್ಸು ಅನಿಶ್ಚಿತ. ಆದ್ದರಿಂದ ಎರಡನೇ ಘಟಕದ ತೀರ್ಮಾನವನ್ನು ‘ಚಿತ್ರಣ ಸ್ಪಷ್ಟವಾಗುವವರೆಗೆ’ ಮುಂದೂಡಿದ್ದೀರಿ. ಆ ಘಟಕ ಆರು ವರ್ಷಗಳಿಂದ ಒಂದು ವರ್ಷವೂ ತಪ್ಪದೆ ನಷ್ಟ ತಂದಿದೆ. ನಮ್ಮಲ್ಲಿ ದೀಪಾವಳಿ ಬೋನಸ್ ಕೂಡ ಅಷ್ಟು ನಿಶ್ಚಿತವಲ್ಲ.

ಆದರೂ ತಾವು ಒಂಟಿಯಲ್ಲ. ತಮಗಿಂತ ದೊಡ್ಡವರೂ ಹೀಗೆ ಕಾದಿದ್ದಾರೆ. ನನ್ನ ಮುಂಗೈಯಲ್ಲಿರುವುದು ಅಪ್ಪನ ಎಚ್‌ಎಂಟಿ ಜನತಾ. ಬೆಳಿಗ್ಗೆ ಕೀ ಕೊಟ್ಟರೆ ದಿನವಿಡೀ ನಡೆಯುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಗೆ ಕ್ವಾರ್ಟ್ಜ್ ಕಾಲ ಬರುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು. 1980ರ ದಶಕದ ಆರಂಭದಲ್ಲಿ ತಾನೇ ಕ್ವಾರ್ಟ್ಜ್ ಗಡಿಯಾರ ತಂದಿತ್ತು. ತಂದೂ, ಕೀ ಕೊಡುವ ಗಡಿಯಾರವನ್ನೇ ನೆಚ್ಚಿ ಕೂತಿತು. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡಿನ ಕೈಗಾರಿಕಾ ನಿಗಮವೂ ಸೇರಿ ಟೈಟನ್ ಹುಟ್ಟುಹಾಕಿದವು. ಅದರ ಕಾರ್ಖಾನೆ ಎದ್ದದ್ದು ಹೊಸೂರಿನಲ್ಲಿ, ಅದು ನಂಬಿದ್ದು ಕ್ವಾರ್ಟ್ಜನ್ನು. ಭವಿಷ್ಯ ಸಮುದ್ರ ದಾಟಿ ಬರಬೇಕಾಗಿರಲಿಲ್ಲ, ಅತ್ತಿಬೆಲೆ ದಾಟಿದರೆ ಸಾಕಿತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಡತ ದೆಹಲಿಗೆ ಹೋಗಿ ಬರಬೇಕು ಎಂಬ ಸಬೂಬಾದರೂ ಸರ್ಕಾರಿ ಕಂಪನಿಗಿತ್ತು. ತಮ್ಮ ಕಡತ ಪಕ್ಕದ ಕೋಣೆಗೆ ಹೋದರೆ ಸಾಕು.

ಇನ್ನು ಎಂಟಿಆರ್ ಹೋಟೆಲಿನವರನ್ನು ನೋಡಿ, ಎಂಥ ಅವಸರದ ಜನ! ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ‘ಚಿತ್ರಣ ಸ್ಪಷ್ಟವಾಗಲಿ’ ಎನ್ನದೆ ರವೆಯಲ್ಲೇ ಇಡ್ಲಿ ಮಾಡಿಬಿಟ್ಟರಂತೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ದರ ಕಟ್ಟಿಹಾಕಿದಾಗ, ದಿನದ ನಷ್ಟವೆಷ್ಟೆಂದು ಗಿರಾಕಿಗಳಿಗೆ ಕಾಣುವಂತೆ ಬೋರ್ಡಿನಲ್ಲಿ ಬರೆದರು. ನಮ್ಮಲ್ಲಿ ಅದನ್ನೇ ‘ಹೂಡಿಕೆಯ ಹಂತ’ ಎಂದು ಸ್ಲೈಡಿನಲ್ಲಿ ಬರೆಯುತ್ತೇವೆ. ಕೊನೆಗೆ ಹೋಟೆಲಿನ ಬಾಗಿಲು ಹಾಕಿ, ತಿಂಡಿಯ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಯುದ್ಧ ಯಾವಾಗ ಮುಗಿಯುತ್ತದೆ, ತುರ್ತು ಪರಿಸ್ಥಿತಿ ಯಾವಾಗ ತೆಗೆಯುತ್ತಾರೆ, ಅವರಿಗೂ ಗೊತ್ತಿರಲಿಲ್ಲ. ಅಕ್ಕಿಯಿಲ್ಲ ಎಂಬುದು ಗೊತ್ತಿತ್ತು, ಗಲ್ಲಾಪೆಟ್ಟಿಗೆ ಬರಿದಾಗುತ್ತಿರುವುದು ಗೊತ್ತಿತ್ತು. ಗೊತ್ತಿದ್ದಷ್ಟಕ್ಕೆ ತೀರ್ಮಾನ ಮಾಡಿದರು.

ನಮ್ಮಲ್ಲೂ ಗೊತ್ತಿರುವುದು ಕಡಿಮೆಯೇನಿಲ್ಲ, ಸಾಹೇಬರೇ. ಗೊತ್ತಿರುವುದರ ಕೆಳಗೆ ಸಹಿ ಹಾಕುವವರಿಲ್ಲ, ಅಷ್ಟೆ. ಆದ್ದರಿಂದ ‘ವಿಷನ್ 2030’ರ ತೊಂಬತ್ತು ಸ್ಲೈಡುಗಳ ಜೊತೆ ಒಂದು ಹಾಳೆಯನ್ನೂ ತನ್ನಿ: ಏನನ್ನು ನಿಲ್ಲಿಸುತ್ತೇವೆ, ಯಾವ ತಾರೀಖಿಗೆ, ಆರ್ಡರು ಎಷ್ಟಕ್ಕೆ ಇಳಿದರೆ ಮುಂದಿನ ಹೆಜ್ಜೆ ಏನು. ಕೆಳಗೆ ತಮ್ಮ ಸಹಿ. ಮಂಜು ಕರಗುವವರೆಗೆ ಕಾಯಬೇಕಾಗಿಲ್ಲ. ಘಟ್ಟದ ಡ್ರೈವರುಗಳು ಕಾಣುವ ಹತ್ತಡಿಯನ್ನೇ ನಂಬಿ ಬಸ್ಸು ಇಳಿಸುತ್ತಾರೆ.

ಇತಿ ತಮ್ಮ ವಿಧೇಯ,
ಲೆಕ್ಕಪತ್ರ ವಿಭಾಗದ ಹಳಬ

ವಿ.ಸೂ.: ರೆಸಾರ್ಟಿನ ಬಿಲ್ಲು ಬಂದಿದೆ. ಯಾವ ಖಾತೆಗೆ ಹಾಕಬೇಕೆಂದು ತಾವು ತಿಳಿಸಿಲ್ಲ. ಸದ್ಯಕ್ಕೆ ಎರಡನೇ ಘಟಕದ ನಷ್ಟಕ್ಕೆ ಸೇರಿಸಿದ್ದೇನೆ. ಅಲ್ಲಿ ಯಾರೂ ನೋಡುವುದಿಲ್ಲ.